ಅವ್ವ ತಿಪ್ಪಿಯನ್ನು ಹೊಗಳಲಿಲ್ಲ

ಬೆಂಗಳೂರಿನವರು ನನ್ನನ್ನು 'ಫೋಸ್ಟರ್' ಎಂದು ಕರೆದರು. ಮದ್ದೂರಿನ ಸರ್ವೀಸ್ ರಸ್ತೆಯಲ್ಲಿ ನಾನು ಕೆಲಸ ಮಾಡುವ ಪಂಚರ್ ಅಂಗಡಿಯ ವಾಜಿದ್ ಭಾಯ್ ಅದನ್ನು ಕೇಳಿಸಿಕೊಂಡು, ಯಾವ ಪಿಚ್ಚರ್ ಪೋಸ್ಟರಪ್ಪಾ ನೀನು, ಯಾವ ಗೋಡೆಗೆ ಅಂಟಿಸೋದು ಎಂದು ದಿನವೆಲ್ಲ ಆಡಿಕೊಂಡರು. ನನಗೂ ಅರ್ಥ ಗೊತ್ತಿರಲಿಲ್ಲ. ಕಾಲು ಕೂಡುವ ತನಕ ನಾಯಿಯನ್ನು ನೀನು ನೋಡಿಕೋ, ಕೂಡಿದ ಮೇಲೆ ಕೊಟ್ಟು ಸುಮ್ಮನಿರು ಅನ್ನುವುದೇ ಅದರ ಅರ್ಥ ಎಂದು ಆಮೇಲೆ ತಿಳಿಯಿತು.

ಆ ನಾಯಿ ಕಾರಿಗೆ ಸಿಕ್ಕಿದ್ದು ನಮ್ಮ ಅಂಗಡಿಯ ಎದುರಿಗೇ. ಗುದ್ದಿದವನು ನಿಲ್ಲಿಸಲಿಲ್ಲ. ಹಿಂದಿನ ಕಾರಿನಿಂದ ಹೇಮಶ್ರೀ ಎಂಬ ಹೆಂಗಸು ಇಳಿದರು. ಬೆಂಗಳೂರಿನಲ್ಲಿ ಬೀದಿನಾಯಿಗಳನ್ನು ಉಳಿಸಿ, ಅವಕ್ಕೆ ಮನೆ ಹುಡುಕಿಕೊಡುವ ಗುಂಪಿನವರು. ನಾನು ನಾಯಿಯನ್ನು ಗೋಣಿಚೀಲದ ಮೇಲೆ ಎತ್ತಿ ಅವರ ಕಾರಿಗೆ ಹಾಕಿದೆ. ಮಂಡ್ಯದಲ್ಲಿ ಹಿಂಗಾಲಿಗೆ ಆಪರೇಷನ್ ಆಯಿತು, ಒಳಗೆ ರಾಡು ಕೂತಿತು. ಬೆಂಗಳೂರಿನಲ್ಲಿ ಅವರಿಗೆ ಗೊತ್ತಿದ್ದ ಮನೆಗಳೆಲ್ಲ ಭರ್ತಿಯಂತೆ. ಸ್ವಲ್ಪ ದಿನ ಇಟ್ಟುಕೊಳ್ಳುತ್ತೀರಾ ಎಂದು ಫೋನು ಮಾಡಿ ಕೇಳಿದರು. ಅವ್ವನನ್ನು ಕೇಳದೆ ಹ್ಞೂಂ ಅಂದುಬಿಟ್ಟೆ.

ಅವ್ವ, ಮರಿತಾಯಮ್ಮ, ಹಾಸ್ಟೆಲೊಂದರಲ್ಲಿ ಅಡುಗೆಯವಳು. ಮೊದಲ ದಿನ ಅವಳು ನಾಯಿಗಿಂತ ಜಾಸ್ತಿ ನನ್ನನ್ನು ಬೈದಳು. ಇರುವುದೊಂದು ರೂಮು, ಅದರಲ್ಲಿ ನೀನೊಂದು, ಈಗ ಇದೊಂದು ಎಂದಳು. ಅದೇ ಅವ್ವ ವಾರ ಕಳೆಯುವುದರೊಳಗೆ ಕೋಳಿಯ ಲಿವರ್ ತರಿಸಿ ಬೇಯಿಸತೊಡಗಿದಳು. ಔಷಧಿ ಹಚ್ಚುವಾಗ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಊದುತ್ತಿದ್ದಳು. ತನ್ನ ಮೆತ್ತನೆಯ ಹಳೇ ಸೀರೆಯನ್ನು ಮಡಿಸಿ ಹಾಸಿದಳು. ನನಗೆ ಟೈಫಾಯ್ಡ್ ಬಂದಾಗಲೂ ಆ ಸೀರೆ ಹೊರಗೆ ಬಂದಿರಲಿಲ್ಲ.

ಹೆಸರಿಟ್ಟವಳೂ ಅವಳೇ. ತಿಪ್ಪಿ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಹಾಗೆ ಕರೆಯುವುದು ನಮ್ಮ ಕಡೆಯ ಪದ್ಧತಿ. ಇದು ಕಸ, ಯಾರಿಗೂ ಬೇಡದ್ದು ಎಂದುಕೊಂಡು ಸಾವು ಆಚೆ ಮನೆಗೆ ಹೋಗಲಿ ಎಂದು. ಪಕ್ಕದ ಮನೆಯವರು ನಾಯಿ ಚೆನ್ನಾಗಿ ಮೈತುಂಬಿಕೊಂಡಿದೆ ಅಂದರೆ ಸಾಕು, ಅವ್ವ ಅದನ್ನು ಬಾಯಿಗೆ ಬಂದಂತೆ ಬೈದು ಒಳಕ್ಕೆ ಅಟ್ಟುತ್ತಿದ್ದಳು. ಒಳಗೆ ಹೋದ ಮೇಲೆ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ತಿಪ್ಪಿ ಕುಂಟುತ್ತಾ ಅಂಗಡಿಯವರೆಗೂ ಬರುವಂತಾದಾಗ ಗುಂಪಿನಿಂದ ಸುದ್ದಿ ಬಂತು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಒಂದು ಕುಟುಂಬ ಫೋಟೋ ನೋಡಿ ಒಪ್ಪಿದೆ, ರೆಡಿ ಮಾಡಿ ಎಂದು. ನಾವೇ ಇಟ್ಟುಕೊಳ್ಳುತ್ತೇವೆ ಎಂದು ನಾನಂದೆ. ಹೇಮಶ್ರೀ ಮೆತ್ತಗೆ, ಹಾಗಾದರೆ ಮನೆ ನೋಡಬೇಕಾಗುತ್ತದೆ ಎಂದರು. ರಾಡು ಹಾಕಿದ ನಾಯಿಯನ್ನು ಅಂಗಡಿಗೆ ತಂದು ಬಿಡುವಾಗ ಇವರಲ್ಲಿ ಯಾರೂ ನಮ್ಮ ಮನೆ ನೋಡಿರಲಿಲ್ಲ. ಆಗ ನಡೆದ ಮನೆ ಈಗ ಯಾಕೆ ನಡೆಯಲ್ಲ? ಬಾಯಿತನಕ ಬಂದದ್ದನ್ನು ನುಂಗಿಕೊಂಡೆ. ನಾಯಿ ಬೇಕಿತ್ತಲ್ಲ.

ಮನೆ ನೋಡುವುದು ವಿಡಿಯೋ ಕಾಲಿನಲ್ಲಿ. ನಾನು ನೆಲ ಒರೆಸಿದೆ, ಹೊಸ ಬೆಲ್ಟು ತಂದು ಕಟ್ಟಿದೆ. ಚೆನ್ನಾಗಿ ಮಾತಾಡು ಎಂದು ಅವ್ವನಿಗೆ ಹೇಳಿದೆ. ಪರದೆಯ ಮೇಲೆ ಹೇಮಶ್ರೀ ಮತ್ತು ಇನ್ನೂ ಮೂರ್ನಾಲ್ಕು ಮುಖಗಳು. ಅದರಲ್ಲಿ ಒಬ್ಬಳು, ಮುದ್ದಾಗಿದ್ದಾಳೆ, ತುಂಬಾ ಹೆಲ್ದಿಯಾಗಿದ್ದಾಳೆ, ಹೇಗೆ ನೋಡ್ಕೋತೀರಮ್ಮ ಎಂದು ಕೇಳಿದಳು.

ಅವ್ವನ ಮುಖ ಬಿಗಿಯಿತು.

"ಏನ್ ಮುದ್ದೋ ಬುಡಮ್ಮ. ಕುಂಟ್ ಮುಂಡೇದು, ಎಲ್ಲೋ ಮೂಲೇಲಿ ಬಿದ್ದಿರ್ತದೆ. ಉಳಿದಿದ್ದು ಬಳಿದಿದ್ದು ಹಾಕ್ತೀವಿ, ತಿಂತದೆ. ಇದ್ರೆ ಇರ್ತದೆ, ಓದ್ರೆ ಓಯ್ತದೆ."

ಹೆಸರಿನ ಅರ್ಥ ಕೇಳಿದರು. ತಿಪ್ಪೆ ಅಂತ, ಕಸದ ಗುಡ್ಡೆ ಅಂತ ಎಂದು ಅವ್ವ ವಿವರಿಸಿದಳು. ನಾನು ಅವಳ ಸೊಂಟ ತಿವಿಯುತ್ತಿದ್ದೆ. ಅಷ್ಟು ಹೊತ್ತೂ ತಿಪ್ಪಿ ಅವ್ವನ ಮಡಿಲಲ್ಲಿ ತಲೆಯಿಟ್ಟು ಮಲಗಿತ್ತು. ಫೋನು ಅಷ್ಟು ಕೆಳಗಿನದನ್ನು ತೋರಿಸುತ್ತಿರಲಿಲ್ಲ.

ಸಂಜೆ ಮೆಸೇಜು ಬಂತು. ತಾತ್ಕಾಲಿಕವಾಗಿ ನೀವು ಮಾಡಿದ ಸಹಾಯಕ್ಕೆ ಧನ್ಯವಾದ, ಆದರೆ ನಾಯಿಯನ್ನು ಪ್ರೀತಿಸುವ ಮನೆಗೇ ಕೊಡುವುದು ನಮ್ಮ ನಿಯಮ ಎಂದು.

ಪ್ರೀತಿಸುವ ಮನೆ! ನಾನು ಹೇಮಶ್ರೀಗೆ ಫೋನು ಮಾಡಿ ಕೂಗಾಡಿದೆ. ನಮ್ಮಲ್ಲಿ ಪ್ರೀತಿ ಇದ್ದದ್ದನ್ನು ಹಾಗೇ ಬೈಯುವುದು, ದೃಷ್ಟಿಯಾಗಬಾರದು ಅಂತ, ನಿಮ್ಮ ತಾಯಿ ನಿಮಗೆ ದೃಷ್ಟಿ ತೆಗೆದಿಲ್ಲವಾ ಎಂದು ಕೇಳಿದೆ. ಅವರು ಫೋನು ಇಡಲಿಲ್ಲ, ಪೂರಾ ಕೇಳಿಸಿಕೊಂಡರು. ಭಾನುವಾರ ನಾನೇ ಬರುತ್ತೇನೆ ಎಂದರು.

ಮನೆಗೆ ಬಂದು ಅವ್ವನ ಮೇಲೂ ಹಾರಾಡಿದೆ. ಒಂದು ಒಳ್ಳೇ ಮಾತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ನಿನ್ ತಂಗೀನ ಮಳವಳ್ಳಿ ಬಸ್ಸಲ್ಲಿ ಯಾರೋ ಎತ್ಕೊಂಡು, ಮಗ ಲಕ್ಷಣವಾಗದೆ ಅಂದ್ರು. ನಾನೂ ಉಬ್ಬೋಗಿ, ನಮ್ಮನೆ ಬಂಗಾರ ಕಣಮ್ಮ ಅಂದ್ಬುಟ್ಟೆ. ಮಾರ್ನೆ ದಿನವೇ ಜರ ಹತ್ತುತು."

"ಅದು ಡೆಂಗಿ ಕಣವ್ವ. ಸೊಳ್ಳೆ ಕಚ್ಚಿದ್ದು. ನಿನ್ ಬಾಯಿಂದ ಬಂದದ್ದಲ್ಲ."

"ಇರ್ಬೋದು," ಎಂದಳು. ಮತ್ತೆ ಜರಡಿ ಆಡಿಸಿದಳು.

ತಂಗಿ ಸತ್ತದ್ದು ನನಗೆ ಗೊತ್ತಿತ್ತು. ಈ ಮಾತು ಗೊತ್ತಿರಲಿಲ್ಲ.

ಭಾನುವಾರ ಹೇಮಶ್ರೀ ಬಂದರು. ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತು ಕಾಫಿ ಕುಡಿದರು. ಸೀರೆಯ ಹಾಸಿಗೆ ನೋಡಿದರು, ತಿಪ್ಪಿ ಅವ್ವನ ಹಿಂದೆ ಒಲೆಯ ಹತ್ತಿರಕ್ಕೂ ಬಚ್ಚಲಿಗೂ ಓಡಾಡುವುದನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅವರ ಮೇಲೆ ಸಿಟ್ಟಾಗೋಣವೆಂದು ಬೆಳಗಿನಿಂದ ಸಜ್ಜಾಗಿದ್ದೆ, ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ಗುಂಪಿನ ಉಳಿದವರು ಮಾತ್ರ ಒಪ್ಪುತ್ತಿಲ್ಲ ಎಂದರು. ಫೋನು ತೆಗೆದು ಅವ್ವನ ಮುಖಕ್ಕೆ ಹಿಡಿದರು.

"ಅಮ್ಮಾ, ಈ ನಾಯಿ ಅಂದ್ರೆ ನಂಗೆ ಇಷ್ಟ, ಚೆನ್ನಾಗಿ ನೋಡ್ಕೋತೀನಿ ಅಂತ ಒಂದೇ ಮಾತು ಹೇಳಿ. ಗುಂಪಿಗೆ ಕಳಿಸ್ತೀನಿ. ಎಲ್ಲರೂ ನೋಡ್ಲಿ."

ಎಲ್ಲರೂ ನೋಡಲಿ. ಅದೇ ಮಾತು ಕೆಲಸ ಕೆಡಿಸಿತು. ಅವ್ವ ಆ ಫೋನನ್ನು ನೋಡಿದಳು. ಗುರುತಿಲ್ಲದ ಅಷ್ಟೂ ಜನರ ಕಣ್ಣು ಅದರೊಳಗೆ ಕಾಯುತ್ತಿರುವಂತೆ ನೋಡಿದಳು. ಹೇಳವ್ವ ಎಂದೆ. ಕಾಲು ಹಿಡಿಯುತ್ತೇನೆ, ಹೇಳವ್ವ ಎಂದೆ. ಅವಳ ಬಾಯಿ ತೆರೆಯಿತು. ತಿಪ್ಪಿ ಮುಖವೆತ್ತಿ ಅವಳನ್ನೇ ನೋಡುತ್ತಿತ್ತು.

"ತಕ್ಕೊಂಡೋಗಿ ಕಣಮ್ಮ," ಎಂದಳು ಅವ್ವ. "ಎಲ್ಲಾದ್ರೂ ಬದಿಕ್ಕೊಳ್ಳಲಿ."

ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಳಾಯಿ ಬಿಟ್ಟ ಸದ್ದು ಬಂತು.

ಹೇಮಶ್ರೀ ಕಣ್ಣೊರೆಸಿಕೊಂಡರು. ತಿಪ್ಪಿಯನ್ನು ಎತ್ತಿ ಕಾರಿಗೆ ಹಾಕಿದವನು ಈ ಸಲವೂ ನಾನೇ. ಅದು ಸೀಟಿನ ಮೇಲೆ ನಿಂತು ಬಾಲ ಆಡಿಸಿತು, ಎಲ್ಲಿಗೋ ಸುತ್ತಾಡಿಸಲು ಕರೆದುಕೊಂಡು ಹೋಗುತ್ತಾರೆ ಅನ್ನುವ ಹಾಗೆ. ನಾನು ಅಂಗಡಿಗೆ ಹೋಗಿ ಒಂದು ಲಾರಿ ಟೈರಿಗೆ ಕೈನೋವು ಬರುವವರೆಗೂ ಸುತ್ತಿಗೆಯಿಂದ ಬಡಿದೆ. ಆ ಟೈರಿಗೆ ಏನೂ ಆಗಿರಲಿಲ್ಲ.

ಯಾರ ಮೇಲೆ ಸಿಟ್ಟು ಮಾಡಲಿ? ಬೆಂಗಳೂರಿನವರು ಅವ್ವ ಆಡಿದ್ದನ್ನು ನಂಬಿದರು, ಅಷ್ಟೇ. ಅವ್ವ ತಾನು ನಂಬಿದ್ದನ್ನು ಬಿಡಲಿಲ್ಲ.

ಕೆಲವು ದಿನಗಳಾದ ಮೇಲೆ ಹೇಮಶ್ರೀ ಫೋಟೋ ಕಳಿಸಿದರು. ಬೂದು ಬಣ್ಣದ ಸೋಫಾ, ಅದರ ಮೇಲೆ ತಿಪ್ಪಿ. ಕುತ್ತಿಗೆಯಲ್ಲಿ ಬೇರೆ ಬೆಲ್ಟು, ಸೊಂಟದಿಂದ ಕೆಳಗೆ ಹೂವಿನ ಹೊದಿಕೆ. ಅಲ್ಲಿ ಅದಕ್ಕೆ ಬೇರೆ ಹೆಸರಿದೆ, ನನಗದು ಬರೆಯಲು ಇಷ್ಟವಿಲ್ಲ. ಅವ್ವ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಫೋನು ಚಾಚಿದೆ. ಅವಳು ಪಕ್ಕಕ್ಕೆ ಮುಖ ತಿರುಗಿಸಿದಳು.

"ನಂಗ್ ತೋರುಸ್ಬ್ಯಾಡ ಕಣ್ಲಾ. ಕಾಲೂರ್ತದಾ? ಅದೊಂದು ಹೇಳು."

ಹೊದಿಕೆಯ ಕೆಳಗೆ ಏನಿತ್ತೋ ನನಗೆ ಕಾಣುತ್ತಿರಲಿಲ್ಲ.

"ಊರ್ತದೆ ಕಣವ್ವ," ಎಂದೆ.