ಹೊಗೆಯಿಲ್ಲದ ಕೆಂಡ

ಚಂಡಮಾರುತ ಅಪ್ಪಳಿಸಿದ ಎರಡನೆಯ ದಿನ ಬೆಳಿಗ್ಗೆಯೂ ಕರೆಂಟು ಬರಲಿಲ್ಲ. ಪೋರೂರು ಕೆರೆಯಿಂದ ಉಕ್ಕಿದ ನೀರು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸೊಂಟದ ಮಟ್ಟಕ್ಕೆ ನಿಂತಿತ್ತು. ಎರಡನೆಯ ಮಹಡಿಯ ಮನೆಯಲ್ಲಿ ಶಾಲಿನಿ, ಅವಳ ಎಂಟು ವರ್ಷದ ಮಗಳು ಶ್ರೀಯಾ, ಮಾವ ಭೋಜರಾಜ ಮೂವರೇ ಇದ್ದರು. ಶಾಲಿನಿಯ ಗಂಡ ಶ್ರೀಕಾಂತ್ ಲೋಕಲ್ ಟ್ರೇನ್ ಓಡಿಸುವವನು. ಹಳಿಯ ಮೇಲೆ ನೀರು ಬಂದು ಗಾಡಿಗಳು ನಿಂತಾಗ ತಾಂಬರದಲ್ಲೇ ಸಿಕ್ಕಿಕೊಂಡಿದ್ದ.

ಆ ಮನೆಯಲ್ಲಿ ಗ್ಯಾಸ್ ಇರಲಿಲ್ಲ. ನಾಲ್ಕು ವರ್ಷದ ಹಿಂದೆ, ಗಿಂಡಿ ಬಡಾವಣೆಯಲ್ಲಿದ್ದ ಶಾಲಿನಿಯ ತಾಯಿ ಜಾನಕಮ್ಮ ಬೆಳಗಿನ ಕಾಫಿಗೆಂದು ಲೈಟರ್ ಒತ್ತಿದಾಗ, ಸವೆದ ಟ್ಯೂಬಿನಿಂದ ಸೋರಿದ್ದ ಗ್ಯಾಸ್ ಭಗ್ಗನೆ ಹೊತ್ತಿಕೊಂಡಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡರು. ಶಾಲಿನಿ ಆ ತಿಂಗಳೇ ತನ್ನ ಮನೆಯ ಸಿಲಿಂಡರನ್ನು ವಾಪಸ್ಸು ಕಳಿಸಿ ಇಂಡಕ್ಷನ್ ಒಲೆ ತಂದಳು. ಭಾನುವಾರಗಳಂದು ಟೆರೇಸಿನಲ್ಲಿ ಜೋಳ, ಪನೀರು ಸುಡಲು ಶ್ರೀಕಾಂತ್ ಗ್ಯಾಸಿನ ಬಾರ್ಬೆಕ್ಯೂ ಒಲೆ ಕೊಳ್ಳಹೊರಟಾಗಲೂ ಬಿಡಲಿಲ್ಲ. ಕೊನೆಗೆ ಅವನು ಇದ್ದಿಲಿನದನ್ನು ತಂದ.

"ಕೆಂಡ ಆದ್ರೆ ಕಣ್ಣಿಗೆ ಕಾಣಿಸುತ್ತಲ್ಲ, ಅದಕ್ಕೆ ನಂಗೆ ಭಯ ಇಲ್ಲ" ಅಂದಿದ್ದಳು.

ಚಂಡಮಾರುತದ ಎಚ್ಚರಿಕೆ ಬಂದ ದಿನ ಭೋಜರಾಜರು ಒಂದು ಮಾತು ಆಡಿದ್ದರು. ಹುಬ್ಬಳ್ಳಿ ಕಡೆಯವರು, ರೈಲ್ವೆಯ ಉಗಿಬಂಡಿಯಲ್ಲಿ ಕಲ್ಲಿದ್ದಲು ಎರಚುವ ಫೈರ್‌ಮನ್ ಆಗಿ ವಿಲ್ಲುಪುರಕ್ಕೆ ಬಂದು, ಈಗ ಎಪ್ಪತ್ತೇಳು ದಾಟಿದ್ದರೂ ಊರಿನ ಮಾತು ಬಿಟ್ಟಿರಲಿಲ್ಲ. "ಕರೆಂಟ್ ಹೋದ್ರ ಏನ್ ಮಾಡ್ತೀಯವಾ? ಮ್ಯಾಲಿನ ಮನಿಯವರ ಕಡೆ ಒಂದು ಸಣ್ಣ ಸಿಲಿಂಡರ್ ಐತಿ. ನಾಲ್ಕು ದಿನಕ್ಕ ಕೇಳಿ ತಂದಿಡೂಣು."

"ಅದು ಈ ಹೊಸಿಲು ದಾಟಿ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ ಮಾವ. ನಿಮಗೇನು, ನಿಮ್ಮಮ್ಮ ಸುಟ್ಟುಹೋಗಲಿಲ್ಲ."

ಆಡಬಾರದಿತ್ತು, ಆಡಿಬಿಟ್ಟಳು. ಮುದುಕರು ಆಮೇಲೆ ಊಟ, ಮಾತ್ರೆ, ನೀರು ಇಷ್ಟಕ್ಕೆ ಬಿಟ್ಟು ಬಾಯಿ ತೆರೆದಿರಲಿಲ್ಲ.

ಇದ್ದ ಬ್ರೆಡ್ಡು ಹಿಂದಿನ ದಿನವೇ ಮುಗಿದಿತ್ತು. ಒಂಬತ್ತು ಗಂಟೆಗೆ ಶಾಲಿನಿ ಇದ್ದಿಲ ಒಲೆಯನ್ನು ಬಾಲ್ಕನಿಯಲ್ಲಿ ಹೊತ್ತಿಸಲು ನೋಡಿದಳು. ಗಾಳಿಗೆ ಎರಚಲು ಬಡಿದು ಎರಡು ಸಲ ಆರಿತು. ಮೂರನೆಯ ಸಲ ಕಿಡಿ ಹಿಡಿದು, ಹೊಗೆಯೆಲ್ಲ ಹೋಗಿ ಇದ್ದಿಲು ನಿಗಿನಿಗಿ ಕೆಂಪಾದ ಕೂಡಲೇ ಒಲೆಯನ್ನು ಬಟ್ಟೆಯಲ್ಲಿ ಹಿಡಿದು ಹಾಲಿಗೆ ತಂದಿಟ್ಟಳು. ಬಾಲ್ಕನಿಯ ಗಾಜಿನ ಬಾಗಿಲೆಳೆದಳು. ಕೆಳಗಿನ ಸಂದಿಯಿಂದ ನೀರು ಜಿನುಗುತ್ತಿತ್ತು, ಅದಕ್ಕೆ ಹಳೆಯ ಟವೆಲು ತುರುಕಿದಳು. ಕಿಟಕಿಗಳನ್ನು ಎರಡು ದಿನದಿಂದ ತೆಗೆದೇ ಇರಲಿಲ್ಲ.

ಕುರ್ಚಿಯಲ್ಲಿ ಕೂತಿದ್ದ ಭೋಜರಾಜರು ಕೆಂಡವನ್ನು ನೋಡಿದರು, ಬಾಗಿಲನ್ನು ನೋಡಿದರು. ತುಟಿ ಅಲುಗಿತು. ಮಾತು ಬರಲಿಲ್ಲ.

ಗಂಜಿ ಬೆಂದಿತು. ಬಿಸಿ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಮೂವರೂ ಕುಡಿದರು. ಕೆಂಡ ಇನ್ನೂ ಚೆನ್ನಾಗಿತ್ತು. ಶಾಲಿನಿ ಇನ್ನೊಂದು ಹಿಡಿ ಇದ್ದಿಲು ಹಾಕಿ, ಕುಡಿಯುವ ನೀರು ಕಾಯಲಿಟ್ಟು, ಮಗಳ ಒದ್ದೆ ಬಟ್ಟೆಯನ್ನು ಪಕ್ಕದ ಕುರ್ಚಿಯ ಮೇಲೆ ಹರವಿದಳು. ಶ್ರೀಯಾ ಬೆಚ್ಚಗಿದೆ ಎಂದು ಚಾಪೆ ಎಳೆದುಕೊಂಡು ಒಲೆಯ ಹತ್ತಿರವೇ ಮಲಗಿದಳು. ಹೊಗೆಯಿಲ್ಲ, ವಾಸನೆಯಿಲ್ಲ. ಎರಡು ದಿನದಲ್ಲಿ ಮೊದಲ ಸಲ ಶಾಲಿನಿಗೆ ನೆಮ್ಮದಿಯೆನಿಸಿತು.

ಹನ್ನೊಂದರ ಹೊತ್ತಿಗೆ ಶ್ರೀಯಾ ಹಣೆ ಒತ್ತಿಕೊಂಡು ಎದ್ದಳು. ಕನ್ನಡ ಚೆನ್ನಾಗಿ ತಿಳಿದರೂ ಶಾಲೆಯ ತಮಿಳೇ ಅವಳ ಬಾಯಿಗೆ ಬರುತ್ತಿತ್ತು. "ಅಮ್ಮಾ, ತಲೈ ವಲಿಕ್ಕುದು."

"ನಂಗೂ ತಲೆ ನೋಯ್ತಿದೆ ಕಂದ. ನಿದ್ದೆ ಇಲ್ಲ ನೋಡು. ಸ್ವಲ್ಪ ಮಲಕ್ಕೊ."

ಮಗು ಎದ್ದು ಬಾತ್‌ರೂಮಿಗೆ ಹೋಗುವಷ್ಟರಲ್ಲಿ ದಾರಿಯಲ್ಲೇ ವಾಂತಿ ಮಾಡಿಕೊಂಡಿತು. ಹಿಂದಿನ ದಿನದ ಬ್ರೆಡ್ಡು ಹಳಸಿತ್ತೇನೋ ಎಂದುಕೊಂಡು ಶಾಲಿನಿ ಮುಖ ತೊಳೆಸಿ, ಮತ್ತೆ ಚಾಪೆಯ ಮೇಲೆ ಮಲಗಿಸಿದಳು. ನೆಲ ಒರೆಸಲು ಬಗ್ಗಿದಾಗ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಕೂತಳು. ಮೊಣಕಾಲಲ್ಲಿ ಬಲವಿರಲಿಲ್ಲ. ಹಾಗೇ ಐದು ನಿಮಿಷ ಕಣ್ಣು ಮುಚ್ಚಿದರೆ ಸರಿಹೋದೀತು ಅನ್ನಿಸಿತು.

"ಶಾಲಿನೀ!"

ಮಾವನ ದನಿ ಎಲ್ಲೋ ದೂರದಿಂದ ಬಂದಂತಿತ್ತು. ಕಣ್ಣು ತೆರೆದರೆ ಅವರು ಕುರ್ಚಿಯಿಂದ ಏಳಲು ಹೋಗಿ ನೆಲಕ್ಕೆ ಬಿದ್ದಿದ್ದರು.

"ಬಾಗಲಾ ತೆಗಿ! ಕೆಂಡದ ಗಾಳಿ ತುಂಬೇತಿ!"

"ಏನು ಮಾವ? ನಮ್ಮನೇಲಿ ಗ್ಯಾಸೇ ಇಲ್ಲವಲ್ಲ..." ಅವಳ ನಾಲಿಗೆ ತೊದಲಿತು. ಏಳಬೇಕೆಂದುಕೊಂಡಳು, ಕಾಲು ಕೇಳಲಿಲ್ಲ.

ಭೋಜರಾಜರು ಮೊಣಕೈ ಊರಿ ತೆವಳಿದರು. ಬಾಲ್ಕನಿಯ ಬಾಗಿಲಿನ ತನಕ ಹೋಗಿ ಎಳೆದರು. ತುರುಕಿದ್ದ ಟವೆಲು ಸಿಕ್ಕಿ ಅದು ಜರುಗಲಿಲ್ಲ. ಕಾಲ ಬಳಿ ಅಮ್ಮಿಕಲ್ಲಿತ್ತು, ಚಟ್ನಿ ಅರೆಯುವ ಪುಟ್ಟ ಕಲ್ಲು. ಅದರ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿಗೆ ಹೊಡೆದರು. ಮೊದಲ ಏಟಿಗೆ ಬಿರುಕು ಬಿಟ್ಟಿತು. ಎರಡನೆಯ ಏಟಿಗೆ ಗಾಜು ಝಲ್ಲನೆ ಉದುರಿ, ಮಳೆ ಗಾಳಿ ಒಟ್ಟಿಗೆ ಒಳನುಗ್ಗಿದವು.

ಮುಖಕ್ಕೆ ತಣ್ಣನೆಯ ನೀರು ಬಡಿದಾಗ ಶಾಲಿನಿಗೆ ಮಗಳ ನೆನಪಾಯಿತು. "ಶ್ರೀಯಾ! ಶ್ರೀಯಾ, ಎದ್ದೇಳೇ!" ತೆವಳಿ ಹೋಗಿ ಕೆನ್ನೆ ತಟ್ಟಿದಳು. ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತು. ಮಗುವಿನ ಕಂಕುಳಿಗೆ ಕೈ ಕೊಟ್ಟು, ಕೂತಲ್ಲಿಂದಲೇ ಹಿಂದಕ್ಕೆ ಜರುಗುತ್ತ ಮುಂಬಾಗಿಲಿನವರೆಗೆ ಎಳೆದಳು. ಚಿಲಕ ಕೈಗೆಟುಕಲು ಮೂರು ಸಲ ಪ್ರಯತ್ನಿಸಬೇಕಾಯಿತು. ಮೆಟ್ಟಿಲ ಬಳಿ ಬಿದ್ದು ಕೂಗಿದಳು.

ಮೇಲಿನ ಮನೆಯ ವಿಘ್ನೇಶ್ ಓಡಿ ಬಂದ. ಒಂದು ನೋಟಕ್ಕೇ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. "ಉಸಿರು ಇರುಕ್ಕು ಅಕ್ಕಾ! ವಾಂಗ, ವಾಂಗ!" ಬನ್ನಿ ಎಂದು ಕರೆಯುತ್ತ ಮೆಟ್ಟಿಲಿನತ್ತ ತಿರುಗಿದ.

"ಮಾವ ಒಳಗಿದಾರೆ!"

"ನನ್ನ ಬಿಡು!" ಒಳಗಿನಿಂದ ಮುದುಕರು ಕೂಗಿದರು. "ನಂಗ ಗಾಳಿ ಸಿಕ್ಕೇತಿ. ಕೂಸಿನ್ನ ಒಯ್ಯಿ, ಲಗೂ ಒಯ್ಯಿ!"

ಕೆಳಗೆ ಕಂದು ನೀರು ಬೆಳಗಿಗಿಂತ ಏರಿತ್ತು. ವಿಘ್ನೇಶ್ ಎದೆಯವರೆಗೆ ನೀರಲ್ಲಿ ನಡೆದ, ಶಾಲಿನಿ ಅವನ ಅಂಗಿಯ ತುದಿ ಹಿಡಿದು ಹಿಂದೆ. ಎರಡು ಸಲ ಮುಗ್ಗರಿಸಿದಳು. ಮಗುವಿನ ಕೈ ಅವನ ಬೆನ್ನ ಮೇಲೆ ಅತ್ತಿತ್ತ ತೂಗುತ್ತಿತ್ತು. ಅದೊಂದನ್ನೇ ನೋಡುತ್ತ ನಡೆದಳು. ರಸ್ತೆಯ ತಿರುವಿನಲ್ಲಿ ಹಾಲಿನ ಪ್ಯಾಕೆಟ್ಟು ಹಂಚುತ್ತಿದ್ದ ಮೀನುಗಾರರ ದೋಣಿ ಸಿಕ್ಕಿತು. ಮುಖ್ಯರಸ್ತೆಗೆ ತಲುಪಲು ಇಪ್ಪತ್ತು ನಿಮಿಷ, ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಹತ್ತು ನಿಮಿಷ. ದೋಣಿಯನ್ನು ವಿಘ್ನೇಶ್ ಭೋಜರಾಜರಿಗಾಗಿ ಹಿಂದಕ್ಕೆ ಒಯ್ದ.

ಮಗುವಿನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿ, ರಕ್ತ ತೆಗೆದುಕೊಂಡು ಹೋದ ವೈದ್ಯೆ ಸ್ವಲ್ಪ ಹೊತ್ತಿಗೆ ಬಂದು ತಮಿಳಿನಲ್ಲಿ ಕೇಳಿದಳು. ಮನೆಯೊಳಗೆ ಇದ್ದಿಲು ಉರಿಸಿದಿರಾ?

ಶಾಲಿನಿ ಹೌದೆಂದು ತಲೆಯಾಡಿಸಿದಳು.

ಇದ್ದಿಲಿನಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದಳು ವೈದ್ಯೆ. ಸೋರಿದರೆ ತಿಳಿಯಲಿ ಎಂದು ಸಿಲಿಂಡರಿನ ಗ್ಯಾಸಿಗಾದರೂ ನಾತ ಬೆರೆಸಿರುತ್ತಾರೆ, ಇದಕ್ಕೆ ಅದೂ ಇಲ್ಲ. ಮುಚ್ಚಿದ ಮನೆಯಲ್ಲಿ ಇನ್ನು ಅರ್ಧ ಗಂಟೆ ಕಳೆದಿದ್ದರೆ ಮೂವರಲ್ಲಿ ಯಾರೂ ಬಾಗಿಲವರೆಗೆ ಬರುತ್ತಿರಲಿಲ್ಲ. ಮಗು ಏಳಬೇಕು, ಎದ್ದ ಮೇಲೆ ತಲೆ ಸರಿಯಾಗಿದೆಯೇ ನೋಡಬೇಕು.

ಶಾಲಿನಿಗೂ ಒಂದು ಮಾಸ್ಕ್ ಕೊಟ್ಟು ಮಗಳ ಪಕ್ಕ ಕೂರಿಸಿದರು. ಮಧ್ಯಾಹ್ನ ಮೂರಕ್ಕೆ ಭೋಜರಾಜರನ್ನು ಕರೆತಂದು ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಅಂಗೈಗೆ ಗಾಜು ಕೊಯ್ದು ಹೊಲಿಗೆ ಬಿದ್ದಿತ್ತು. ನರ್ಸ್ ಅತ್ತ ಹೋದದ್ದೇ ಅವರು ಮಾಸ್ಕ್ ಸರಿಸಿದರು.

"ನಂಗ ಗೊತ್ತಿತ್ತವಾ."

ಶಾಲಿನಿ ತಿರುಗಿ ನೋಡಿದಳು.

"ವಿಲ್ಲುಪುರದಾಗ ಇದ್ದಾಗ ನಮ್ಮ ಜೋಡಿ ಕೆಲಸಾ ಮಾಡ್ತಿದ್ದ ಇಬ್ಬರು ಹುಡುಗ್ರು ಥಂಡಿ ಅಂತ ವ್ಯಾಗನ್ ಒಳಗ ಕೆಂಡ ಇಟ್ಕೊಂಡು ಬಾಗಲಾ ಹಾಕ್ಕೊಂಡು ಮಲಗಿದ್ರು. ಏಳಲಿಲ್ಲ. ಅವರ್ನ ಇಳಿಸಿದವರೊಳಗ ನಾನೂ ಇದ್ದೆ. ನೀ ಒಲಿ ಒಳಗ ತಂದಾಗ ಅದು ನೆನಪಿಗೆ ಬಂತು. ಹೇಳ್ಬೇಕಂದೆ. ಮತ್ತೇನಾರ ಅಂತಿ ಅಂತ ಸುಮ್ಮನ ಕುಂತೆ. ಸಿಟ್ಟು ಹಿಡಕೊಂಡು ಕುಂತೆ. ನನ್ನ ಮೊಮ್ಮಗಳು ಅಲ್ಲೇ ಮಲಗಿದ್ಲು."

ಶಾಲಿನಿಯ ಎದೆಯಲ್ಲಿ ಕೋಪ ಕುದಿದು ಮೇಲಕ್ಕೆ ಬಂತು, ಅಲ್ಲೇ ನಿಂತಿತು. ಬಾಗಿಲೆಳೆದ ಕೈ ತನ್ನದು. ಮಾತು ಆಡಲಾರದಂತೆ ಅವರ ಬಾಯಿ ಕಟ್ಟಿದವಳೂ ತಾನೇ. ಎದ್ದು ಹೋಗಿ ಅವರ ಮಾಸ್ಕನ್ನು ಸರಿಯಾಗಿ ಮೂಗಿನ ಮೇಲೆ ಕೂರಿಸಿದಳು. "ತೆಗೀಬೇಡಿ ಮಾವ" ಎಂದಷ್ಟೇ ಅಂದಳು. ಮುದುಕರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು.

ವಿಘ್ನೇಶನ ಫೋನಿನಿಂದ ಸುದ್ದಿ ತಿಳಿದು ಐದು ಗಂಟೆಗೆ ಶ್ರೀಕಾಂತ್ ಬಂದ. ತಾಂಬರದಿಂದ ಅರ್ಧ ದಾರಿ ಲಾರಿಯಲ್ಲಿ, ಅರ್ಧ ನಡೆದೇ. "ಏನಾಯ್ತು? ಯಾರೂ ನೋಡ್ಕೊಳ್ಳಿಲ್ವಾ?"

"ನಾನೇ ಬಾಗಿಲು ಮುಚ್ಚಿದ್ದು" ಎಂದಳು ಶಾಲಿನಿ. "ಮಾವ ಗಾಜು ಒಡೆದರು. ಅವರಿಂದ ಉಳಿದ್ವಿ."

ಭೋಜರಾಜರು ಏನೋ ಹೇಳಹೊರಟರು. ಅವಳು ಕೈಯಿಂದಲೇ ತಡೆದಳು.

ಶ್ರೀಯಾ ಕಣ್ಣು ಬಿಟ್ಟಾಗ ಆರೂವರೆ. ವೈದ್ಯೆ ಹೆಸರು ಕೇಳಿದಳು, ಹೇಳಿದಳು. ಯಾವ ತರಗತಿ, ಹೇಳಿದಳು. ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಎಂದಾಗ ತಮಿಳಿನಲ್ಲಿ ನಿಧಾನವಾಗಿ ಎಣಿಸತೊಡಗಿದಳು. "ಪದಿನಾಲು... ಪದಿಮೂಣು..." ಹದಿಮೂರಕ್ಕೆ ಬಂದು ನಿಂತಳು.

ಮಗು ಚಾವಣಿಯನ್ನೇ ನೋಡುತ್ತಿತ್ತು. ಶಾಲಿನಿ ಮಂಚದ ಕಂಬಿಯನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿದ್ದಳು.

"ಪನ್ನಿರಂಡು" ಎಂದಳು ಶ್ರೀಯಾ. ಆಮೇಲೆ ಹನ್ನೊಂದು, ಹತ್ತು, ಒಂಬತ್ತು, ತಡೆಯಿಲ್ಲದೆ ಒಂದರ ತನಕ ಬಂದಳು.