ಎಡದಿಂದ ಬಲಕ್ಕೆ ಹೋಗುವ ಬೆಕ್ಕು

ನಾನು ಓದಿದ ಶಾಲೆಯಲ್ಲಿ ಮೂರನೇ ಪೀರಿಯಡ್ಡಿಗೆ ಒಂದು ವಾಸನೆ ಇತ್ತು. ಕಿಟಕಿ ಮುಚ್ಚಿದ ಕೋಣೆ, ನಲವತ್ತು ಮಕ್ಕಳು, ಬೆಂಚಿನ ಕೆಳಗೆ ಊಟದ ಡಬ್ಬಿಗಳು. ಬೆಳಿಗ್ಗೆ ಬಿಸಿಬಿಸಿಯಾಗಿ ಮುಚ್ಚಿದ ಅನ್ನ ಹನ್ನೊಂದು ಗಂಟೆಯ ಹೊತ್ತಿಗೆ ಬೆವರಿ, ಎಣ್ಣೆ, ಈರುಳ್ಳಿ, ಪುಸ್ತಕದ ಗೋಂದು ಎಲ್ಲ ಒಂದಾಗಿ ಮೇಲೇಳುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಯಾರ ಮನೆಯಲ್ಲಿ ಏನು ಬೆಂದಿದೆ, ಯಾರ ತಾಯಿ ಇವತ್ತು ತಳ ಹಿಡಿಸಿದ್ದಾಳೆ, ಯಾರು ಡಬ್ಬಿಯನ್ನೇ ತಂದಿಲ್ಲ ಎಂದು ನಾನು ಹೇಳಬಲ್ಲವಳಾಗಿದ್ದೆ. ಈ ವಿದ್ಯೆಗೆ ಅಂಕ ಕೊಡುತ್ತಿದ್ದರೆ ತರಗತಿಗೆ ನಾನೇ ಮೊದಲು.

ಅದೇ ಮೂಗನ್ನು ಹೊತ್ತುಕೊಂಡು ಮುಂದೆ ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದೆ. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಒಬ್ಬನಿದ್ದ. ಎರಡು ಬಸ್ಸು ಬದಲಿಸಿ ಬರುತ್ತಿದ್ದ; ಬೆಳಗಿನ ತಿಂಡಿ ಎನ್ನುವುದು ಅವನ ಮನೆಯಲ್ಲಿ ಭಾನುವಾರದ ಮಾತು. ಮೂರನೇ ಪೀರಿಯಡ್ಡಿನಲ್ಲಿ ಹೊಟ್ಟೆಗೂ ಡೆಸ್ಕಿಗೂ ನಡುವೆ ಡಬ್ಬಿ ಒತ್ತಿಟ್ಟುಕೊಂಡು, ಮುಖದಲ್ಲಿ ಮಹಾ ಭಕ್ತಿ ತಂದುಕೊಂಡು ತಿಂದು ಮುಗಿಸುತ್ತಿದ್ದ. ಮುಚ್ಚಳ ತೆರೆದದ್ದು ನನ್ನ ಮೂಗಿಗೆ ಗೊತ್ತಾದ ಕೂಡಲೇ ನಾನು ಬೋರ್ಡಿನ ಕಡೆ ತಿರುಗಿ ಯಾವುದಾದರೂ ಉದ್ದನೆಯ ರಾಜವಂಶದ ವಂಶಾವಳಿ ಬರೆಯಲು ಶುರುಮಾಡುತ್ತಿದ್ದೆ. ಅವನು ಇತಿಹಾಸದಲ್ಲಿ ಫೇಲಾದ, ಪರೀಕ್ಷೆ ಮರಳಿ ಕಟ್ಟಿ ಪಾಸಾದ, ಕೊನೆಗೆ ಅದೇ ಶಾಲೆಗೆ ಹೆಡ್‌ಮಾಸ್ಟರಾಗಿ ಬಂದ. ದಿನಕ್ಕೆ ಮೂರು ಸುತ್ತೋಲೆ ಹೊರಡಿಸುತ್ತಾನಾದ್ದರಿಂದ ಮೇಷ್ಟ್ರುಗಳೆಲ್ಲ ಅವನನ್ನು ಬೆನ್ನ ಹಿಂದೆ ಸುತ್ತೋಲೆ ಎಂದೇ ಕರೆಯುತ್ತಾರೆ. ಆ ಹೆಸರಿಟ್ಟವಳು ನಾನಲ್ಲ. ಹರಡಿದವಳು ನಾನು.

ಸೋಂಕಿನ ವರ್ಷ ಶಾಲೆಗೆ ಬೀಗ ಬಿತ್ತು. ಇತಿಹಾಸದ ಮೇಡಂ ಹೆರಿಗೆ ರಜೆಗೆ ಹೋದಳು. ಸುತ್ತೋಲೆ ನನಗೆ ಫೋನ್ ಮಾಡಿ, ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಇತಿಹಾಸವೇನೂ ಅಷ್ಟಾಗಿ ಬದಲಾಗಿರಲಾರದು, ಹತ್ತನೇ ತರಗತಿಯನ್ನು ನೋಡಿಕೊಳ್ಳಿ ಎಂದು ಬೇಡಿಕೊಂಡ. ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಪರದೆಯ ಮೇಲೆ ನಲವತ್ತೆರಡು ಚೌಕ. ಹೆಚ್ಚಿನವು ಕಪ್ಪು. ಒಂದರಲ್ಲಿ ಫ್ಯಾನು ತಿರುಗುತ್ತಿತ್ತು, ಒಂದರಲ್ಲಿ ಯಾರದೋ ಅಜ್ಜ ಹಲ್ಲುಜ್ಜುತ್ತಿದ್ದರು, ಒಂದರಲ್ಲಿ ಅರ್ಧ ಹಣೆ. ಆ ಅರ್ಧ ಹಣೆಗೆ ನಾನು ಎರಡು ತಿಂಗಳು ಪಾಠ ಮಾಡಿದ್ದೇನೆ.

ಆ ಗದ್ದಲದಲ್ಲಿ ನನ್ನ ಕಣ್ಣಿಗೆ ತಂಪಾಗಿದ್ದದ್ದು ಒಬ್ಬಳು ಹುಡುಗಿ. ಎರಡು ಜಡೆ, ನೇರ ಕುಳಿತ ಬೆನ್ನು, ಕೈಯಲ್ಲಿ ಪೆನ್ನು. ನಾನು ಏನು ಹೇಳಿದರೂ ತಲೆಯಾಡಿಸುತ್ತಿದ್ದಳು. ಯುದ್ಧ ಎಂದರೆ ತಲೆಯಾಡಿಸುವಳು, ಒಪ್ಪಂದ ಎಂದರೂ ತಲೆಯಾಡಿಸುವಳು, ನಾನು ಇಸವಿ ತಪ್ಪಿಸಿ ಮತ್ತೆ ಸರಿಪಡಿಸಿದರೆ ಎರಡಕ್ಕೂ ಅಷ್ಟೇ ಗೌರವದಿಂದ ತಲೆಯಾಡಿಸುವಳು. ಆಗಾಗ ಅವಳ ಹಿಂದೆ ಒಂದು ಬೂದು ಬೆಕ್ಕು ಎಡದಿಂದ ಬಲಕ್ಕೆ ಹಾದುಹೋಗುತ್ತಿತ್ತು. ಒಂದು ಪೀರಿಯಡ್ಡಿನಲ್ಲಿ ನಲವತ್ತು ಸಲವಾದರೂ ಹೋಗುತ್ತಿತ್ತು. ಆ ಮನೆಯಲ್ಲಿ ಬೆಕ್ಕುಗಳು ಬಹಳ ಎಂದು ನಾನು ತಿಳಿದುಕೊಂಡಿದ್ದೆ.

ಅವಳನ್ನು ನಾನು ಹೊಗಳಿದ್ದೇ ಹೊಗಳಿದ್ದು. ಕಪ್ಪು ಚೌಕಗಳಿಗೆ, ಅವಳನ್ನು ನೋಡಿ ಕಲಿಯಿರಿ ಎಂದೆ. ಮೇಷ್ಟ್ರುಗಳ ಸಭೆಯಲ್ಲೂ ಹೇಳಿದೆ. ಸುತ್ತೋಲೆ ಕೂಡಲೇ ಒಂದು ಸುತ್ತೋಲೆ ಹೊರಡಿಸಿದ: ಇನ್ನು ಮುಂದೆ ತರಗತಿಯಲ್ಲಿ ಮುಖ ಕಾಣಿಸಿದವರಿಗೆ ಮಾತ್ರ ಹಾಜರಿ, ಮುಕ್ಕಾಲು ಪಾಲು ಹಾಜರಿ ಇಲ್ಲದವರು ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ, ಹಾಜರಿಯ ಪಟ್ಟಿಗೆ ಶನಿವಾರಕ್ಕೊಮ್ಮೆ ಆಯಾ ವಿಷಯದ ಶಿಕ್ಷಕರು ಸಹಿ ಮಾಡತಕ್ಕದ್ದು.

ನನಗೆ ಸೋಂಕು ತಗುಲಿದ್ದು ನನಗಿಂತ ಮೊದಲು ನನ್ನ ನಾದಿನಿಗೆ ಗೊತ್ತಾಯಿತು. ನಾವಿಬ್ಬರೂ ಗಂಡಂದಿರನ್ನು ಸ್ವರ್ಗಕ್ಕೆ ಕಳುಹಿಸಿಕೊಟ್ಟು ಒಂದೇ ಮನೆಯಲ್ಲಿ ಇರುವವರು. ಅವಳು ಮಹಡಿಯಲ್ಲಿ, ನಾನು ಕೆಳಗೆ. ಅವಳು ಒಲೆಯ ಮೇಲೆ ಹಾಲಿಟ್ಟು ಮರೆತು, ಮನೆಯೆಲ್ಲ ಸೀದ ವಾಸನೆ ತುಂಬಿತ್ತು. ನಾನು ಅದರ ನಡುವೆ ಕುಳಿತು ನಿಶ್ಚಿಂತೆಯಾಗಿ ಪಾಠ ಮಾಡುತ್ತಿದ್ದೆ.

"ಅತ್ತಿಗೆ, ಇಷ್ಟು ಸೀದ ವಾಸನೆಗೂ ನೀವು ನನ್ನನ್ನ ಬೈಲಿಲ್ಲ ಅಂದ್ರೆ ನಿಮ್ಮ ಮೈ ಸರಿ ಇಲ್ಲ," ಎಂದು ಅವಳು ಬಾಗಿಲಲ್ಲೇ ನಿಂತು ಹೇಳಿ, ಹತ್ತು ಹೆಜ್ಜೆ ಹಿಂದಕ್ಕೆ ಓಡಿದಳು.

ಪರೀಕ್ಷೆಯಲ್ಲಿ ಅವಳ ಮಾತೇ ನಿಜವಾಯಿತು. ಜ್ವರ ಎರಡು ದಿನಕ್ಕೆ ಇಳಿಯಿತು, ಮೂಗು ಮಾತ್ರ ಸತ್ತುಹೋಯಿತು. ಬೀದಿ ಕಡೆಯ ಕೋಣೆ ನನ್ನ ಪಾಲಿಗೆ ಬಂತು. ಊಟದ ವಿಷಯದಲ್ಲಿ ನಾದಿನಿ ಪ್ರಾಮಾಣಿಕಳು. ತಾನು ಅಡುಗೆ ಮಾಡಿ ಹಾಕಿದರೆ ರೋಗಕ್ಕೆ ಕೆಲಸವೇ ಉಳಿಯುವುದಿಲ್ಲ ಎಂದು ಮಹಡಿಯಿಂದಲೇ ಕೂಗಿ ಹೇಳಿ, ಕಾಯಿಲೆಯವರ ಮನೆಗಳಿಗೆ ಊಟ ತಲುಪಿಸುವ ಒಬ್ಬ ಹೆಂಗಸನ್ನು ಹುಡುಕಿ ತನ್ನ ಹೆಸರಿನಲ್ಲಿ ಗೊತ್ತುಮಾಡಿದಳು.

ಮೊದಲ ಡಬ್ಬಿ ಬಂದದ್ದು ಹನ್ನೊಂದೂ ಕಾಲಿಗೆ. ಪಾಠ ಅರ್ಧದಲ್ಲಿತ್ತು. ಬಾಗಿಲು ತಟ್ಟಿದ್ದು ಕೇಳಿ, ಮುಂದಿನ ಪ್ಯಾರಾ ಓದಿಕೊಳ್ಳಿ ಎಂದು ಹೇಳಿ, ಮಾಸ್ಕ್ ಹಾಕಿಕೊಂಡು ಹೋಗಿ ಕಿಟಕಿ ತೆರೆದೆ. ಹೊರಗೆ ಸೈಕಲ್ಲು, ಅದರ ಎರಡು ಕಡೆ ಜೋತುಬಿದ್ದ ಚೀಲ. ಬಾಗಿಲ ಪಕ್ಕ ಇಟ್ಟಿದ್ದ ಸ್ಟೂಲಿನ ಮೇಲೆ ಡಬ್ಬಿ ಇಡುತ್ತಿದ್ದ ಹುಡುಗಿಯ ಮುಖದಲ್ಲಿ ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ನನ್ನ ಕಣ್ಣಿಗೆ ಅವಳು ಯಾರೋ ಏನೋ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಶಾಲೆಯ ಹತ್ತು ವರ್ಷದ ಅಭ್ಯಾಸ ಅವಳ ಬಾಯಿ ಬಿಡಿಸಿತು.

"ನಮಸ್ತೆ ಮಿಸ್."

ಅಂದವಳೇ ಕಲ್ಲಾದಳು. ಆ ಜಡೆಗಳನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡು ನಾನು ತಿರುಗಿ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ನೋಡಿದೆ. ಅಲ್ಲಿ ಅವಳು ನೆಟ್ಟಗೆ ಕುಳಿತು ತಲೆಯಾಡಿಸುತ್ತಿದ್ದಳು. ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಅವಳು ಸೈಕಲ್ ಹಿಡಿದು ನಿಂತಿದ್ದಳು. ಪರದೆಯಲ್ಲಿ ಬೆಕ್ಕು ಎಡದಿಂದ ಬಲಕ್ಕೆ ಹೋಯಿತು. ಇತಿಹಾಸ ಮರುಕಳಿಸುತ್ತದೆ ಎಂದು ಮೂವತ್ತೆಂಟು ವರ್ಷ ಬಡಬಡಿಸಿದವಳು ನಾನು. ಒಂದು ಬೆಕ್ಕು ಮರುಕಳಿಸಿದ್ದು ತಿಳಿಯಲಿಲ್ಲ.

ಅವಳು ಹೇಳಿದ್ದು ಇಷ್ಟು. ಊಟ ಕಳಿಸುವ ಹೆಂಗಸು ಅವಳ ತಾಯಿ. ಒಂದು ತಿಂಗಳ ಕೆಳಗೆ ಮೆಟ್ಟಿಲಲ್ಲಿ ಜಾರಿ ಪಾದದ ಮೂಳೆ ಮುರಿದಿದೆ. ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅಡುಗೆಯೇನೋ ಮಾಡುತ್ತಾಳೆ. ಇಪ್ಪತ್ತಾರು ಮನೆಗೆ ಹಂಚುವವರಿಲ್ಲ. ನಿಲ್ಲಿಸೋಣ ಎಂದರೆ ಅವುಗಳಲ್ಲಿ ಹತ್ತು ಮನೆಯವರಿಗೆ ಬೇರೆ ಗತಿಯಿಲ್ಲ. ಹನ್ನೊಂದರಿಂದ ಹನ್ನೆರಡೂವರೆಯೊಳಗೆ ಹಂಚಬೇಕು. ಆ ಹೊತ್ತಿಗೇ ಇತಿಹಾಸ, ಗಣಿತ. ಅದಕ್ಕೇ ಒಂದು ನಿಮಿಷದ ವಿಡಿಯೋ ಮಾಡಿಟ್ಟು, ಅದೇ ತಿರುಗಿ ತಿರುಗಿ ಬರುವ ಹಾಗೆ ಮಾಡಿ ಹೊರಡುತ್ತಾಳೆ. ಸಂಜೆ ಗೆಳತಿಯ ನೋಟ್ಸು ನೋಡಿ ಬರೆದುಕೊಳ್ಳುತ್ತಾಳೆ.

ನಾನು ಗದರಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಗಣಿತಕ್ಕೂ ಇದೇ ವಿಡಿಯೋನಾ?"

"ಇಲ್ಲ ಮಿಸ್. ಗಣಿತಕ್ಕೆ ಹುಬ್ಬು ಗಂಟಿಕ್ಕಿರೋದು ಬೇರೆ ಇದೆ." ಆಮೇಲೆ ಮೆಲ್ಲಗೆ, "ಹೆಡ್‌ಮಾಸ್ಟರಿಗೆ ಹೇಳ್ತೀರಾ? ನನ್ನ ವರ್ಷ ಹೋಗುತ್ತೆ," ಎಂದಳು.

ಗೊತ್ತಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅವಳು ಹೊರಡುವ ಮೊದಲು ಡಬ್ಬಿಯನ್ನು ಸ್ಟೂಲಿನ ನೆರಳಿರುವ ತುದಿಗೆ ಸರಿಸಿಟ್ಟಳು, ಬಿಸಿಲಿಗೆ ಮುಚ್ಚಳ ಕಾದು ನನ್ನ ಕೈ ಸುಡಬಾರದೆಂದು. ತನ್ನ ವರ್ಷವೇ ನನ್ನ ಕೈಯಲ್ಲಿರುವಾಗ ಅವಳಿಗೆ ನನ್ನ ಬೆರಳಿನ ಚಿಂತೆ.

ಮುಂದಿನ ಮೂರು ದಿನ ನಾನು ಹೇಡಿಯಾಗಿ ಕಳೆದೆ. ಅವಳು ಬಂದಾಗ ಕಿಟಕಿಯಿಂದ ಅವತ್ತಿನ ಪಾಠವನ್ನು ಐದು ನಿಮಿಷಕ್ಕೆ ಇಳಿಸಿ ಹೇಳುತ್ತಿದ್ದೆ. ಒಂದು ಸಾಮ್ರಾಜ್ಯವನ್ನು ಐದು ನಿಮಿಷದಲ್ಲಿ ಕಟ್ಟಿ ಕೆಡವಬಹುದು ಎಂದು ಆಗ ಗೊತ್ತಾಯಿತು. ಉಳಿದ ನಲವತ್ತು ನಿಮಿಷ ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೆನೋ. ಅವಳು ಕೇಳುವಾಗ ತಲೆಯಾಡಿಸುತ್ತಿರಲಿಲ್ಲ. ಮೂಗು ಕೆರೆದುಕೊಳ್ಳುತ್ತಿದ್ದಳು, ಅರ್ಥವಾಗದಿದ್ದರೆ ಕಣ್ಣು ಕಿರಿದು ಮಾಡುತ್ತಿದ್ದಳು, ಎರಡು ಸಲ ವಾದಿಸಿದಳು. ವಿಡಿಯೋದ ಹುಡುಗಿಗಿಂತ ಇವಳು ಎಷ್ಟೋ ಮೇಲು.

ಶನಿವಾರ ಸಹಿಯ ಮೊದಲ ಪಟ್ಟಿ ಬಂತು. ಅವಳ ಸಾಲಿನಲ್ಲಿ ಇಪ್ಪತ್ತೆರಡು ಸುಳ್ಳು ಹಾಜರಿ. ಸಹಿ ಹಾಕಿದರೆ ಸುಳ್ಳು ನನ್ನದಾಗುತ್ತದೆ. ಹಾಕದಿದ್ದರೆ ಅವಳ ವರ್ಷ ಹೋಗುತ್ತದೆ. ಕಣ್ಣು ಮಂಜು ಎಂದು ಹೇಳಿ ಸಹಿ ಹಾಕಿ ಕೈತೊಳೆದುಕೊಳ್ಳಿ ಎಂದಳು ನಾದಿನಿ. ಮುದುಕಿಯಾಗಿರುವುದರಿಂದ ಇಷ್ಟೂ ಲಾಭವಿಲ್ಲದಿದ್ದರೆ ಮುದುಕಿಯಾಗಿ ಏನು ಪ್ರಯೋಜನ ಎಂದು ಅವಳ ವಾದ. ಆ ಮಾತಿಗೆ ನಾನು ಬೀಳುತ್ತಿದ್ದೆನೇನೋ. ಅಷ್ಟರಲ್ಲಿ ಸುತ್ತೋಲೆಯ ಹೊಸ ಸುತ್ತೋಲೆ ಬಂತು: ಆದರ್ಶ ವಿದ್ಯಾರ್ಥಿನಿಯ ತರಗತಿಯ ಪೂರ್ತಿ ಮುಕ್ಕಾಲು ಗಂಟೆಯ ರೆಕಾರ್ಡಿಂಗನ್ನು ಸೋಮವಾರ ಇಡೀ ಶಾಲೆಗೆ ತೋರಿಸಲಾಗುವುದು.

ಇಡೀ ಶಾಲೆ ಎಂದರೆ ಆರುನೂರು ಮಕ್ಕಳು. ನನ್ನ ಕಣ್ಣಿಗೆ ಬೀಳದ ಬೆಕ್ಕು ಅವರಿಗೆ ಎರಡನೇ ಸಲಕ್ಕೇ ಬೀಳುತ್ತದೆ. ನಾನು ಹೊಗಳದೆ ಸುಮ್ಮನಿದ್ದಿದ್ದರೆ ಅವಳ ಪಾಡಿಗೆ ಅವಳು ಬಚಾವಾಗುತ್ತಿದ್ದಳು.

ಸುತ್ತೋಲೆಗೆ ಫೋನ್ ಮಾಡಿದೆ. ಮೂರು ವಾರಕ್ಕೂ ಮೇಲೆ ನಾನು ಒಂದು ಸಿನಿಮಾವನ್ನು ಹೊಗಳಿದ್ದೇನೆ ಎಂದು ಶುರುಮಾಡಿ, ಬೆಕ್ಕನ್ನೂ ಬಿಡದೆ ಎಲ್ಲ ಹೇಳಿದೆ. ಬೆಕ್ಕಿನ ಹತ್ತಿರ ಬಂದಾಗ ಆ ಕಡೆಯಿಂದ ನೀರು ಕುಡಿಯುತ್ತಿದ್ದವನಿಗೆ ನೆತ್ತಿಗೇರಿದ ಸದ್ದು ಕೇಳಿತು. ಆಮೇಲೆ ಹೆಡ್‌ಮಾಸ್ಟರ ದನಿ ಮರಳಿ ಬಂತು. ರೆಕಾರ್ಡಿಂಗ್ ತೋರಿಸುವುದಿಲ್ಲ. ಆದರೆ ಇಪ್ಪತ್ತೆರಡು ದಿನವನ್ನೂ ಹೊಡೆದು ಹಾಕಲೇಬೇಕು, ಗಣಿತದ್ದೂ ಸೇರಿ, ನಿಯಮ ನಿಯಮವೇ. ಏನೋ ಕೂಡಿ ಕಳೆದು, ಇನ್ನು ಉಳಿದಿರುವ ನಲವತ್ತೊಂದು ದಿನದಲ್ಲಿ ಒಂದೂ ತಪ್ಪದೆ ಅವಳು ಕುಳಿತರೆ ಮುಕ್ಕಾಲು ಪಾಲು ದಾಟುತ್ತದೆ, ಒಂದು ದಿನ ತಪ್ಪಿದರೂ ದಾಟುವುದಿಲ್ಲ ಎಂದ.

"ಅವಳು ಕೂತರೆ ಡಬ್ಬಿ ಯಾರಪ್ಪ ಹಂಚೋದು?"

"ಅದು ಶಾಲೆಯ ವಿಷಯ ಅಲ್ಲ ಮೇಡಂ."

ನನಗೆ ಸಿಟ್ಟು ಬಂತು. ಫೋನ್ ಇಡುವುದರಲ್ಲಿದ್ದೆ. ಅವನೇ ತಡೆದ.

"ಮೇಡಂ, ಒಂದು ಕೇಳ್ಲಾ? ಆಗ ನೀವು ಮೂರನೇ ಪೀರಿಯಡ್ಡಲ್ಲಿ ಬೋರ್ಡ್ ಕಡೆ ತಿರುಗಿ ಅಷ್ಟುದ್ದ ಬರೀತಿದ್ರಲ್ಲ. ನನ್ನ ಡಬ್ಬಿ ವಾಸನೆ ನಿಮಗೆ ಬರ್ತಿತ್ತಾ?"

"ದಿನಾ ಬರ್ತಿತ್ತು. ಬುಧವಾರ ಬರೀ ಅನ್ನ, ಉಪ್ಪು."

ಆ ಹುಡುಗಿಯ ಮನೆ ವಿಳಾಸ ಶಾಲೆಯ ದಾಖಲೆಯಲ್ಲಿ ಇರುತ್ತದಲ್ಲ ಎಂದು ತನಗೆ ತಾನೇ ಎನ್ನುವಂತೆ ಹೇಳಿ ಫೋನಿಟ್ಟ. ವಿಳಾಸ ಏಕೆ, ತಾಯಿಯನ್ನು ಕರೆಸಿ ಬೈಯುವುದಕ್ಕೇ ಇರಬೇಕು ಎಂದುಕೊಂಡೆ. ಭಾನುವಾರವೆಲ್ಲ ನನ್ನನ್ನೇ ಬೈದುಕೊಂಡೆ. ಸಾಲದ್ದನ್ನು ನಾದಿನಿ ಮಹಡಿಯಿಂದ ತುಂಬಿಸಿಕೊಟ್ಟಳು.

ಸೋಮವಾರ ಹನ್ನೊಂದಕ್ಕೆ ತರಗತಿ ತೆರೆದೆ. ಅವಳ ಚೌಕದಲ್ಲಿ ಅವಳಿದ್ದಳು. ಒಂದು ಜಡೆ ಬಿಚ್ಚಿಹೋಗಿತ್ತು, ಕೆನ್ನೆಗೆ ಹಿಟ್ಟು ಮೆತ್ತಿತ್ತು. ಬಾಯಿಗೆ ಕೈ ಅಡ್ಡ ಇಡದೆ ಆಕಳಿಸಿದಳು. ಬೆಕ್ಕು ಬಲದಿಂದ ಎಡಕ್ಕೆ ಬಂದು, ಕ್ಯಾಮೆರಾದ ಮುಂದೆ ಹಿಂಭಾಗ ತಿರುಗಿಸಿ ಕುಳಿತಿತು. ನಾನು ಅವಳ ಹೆಸರಿನ ಮುಂದೆ ಹಾಜರಿ ಹಾಕಿದೆ. ಅಷ್ಟು ಸಂತೋಷದಿಂದ ನಾನು ಯಾರಿಗೂ ಹಾಜರಿ ಹಾಕಿದ್ದಿಲ್ಲ.

ಹಾಕಿದ ಮೇಲೆ, ಹಾಗಾದರೆ ಇಪ್ಪತ್ತಾರು ಮನೆಗಳ ಗತಿಯೇನು ಎಂದು ಯೋಚಿಸುತ್ತಿದ್ದೆ. ಅವತ್ತು ಬೆಳಗಿನಿಂದ ಒಂದು ಸುತ್ತೋಲೆಯೂ ಬಂದಿಲ್ಲ ಎನ್ನುವುದೂ ಆಗಲೇ ಹೊಳೆಯಿತು.

ಹನ್ನೊಂದೂ ಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಕಿಟಕಿ ತೆರೆದೆ. ಹೊರಗೆ ಹಳೆಯ ಸ್ಕೂಟರು, ಹ್ಯಾಂಡಲ್ಲಿನ ಎರಡೂ ಕಡೆ ಆ ಚೀಲಗಳು. ಮೇಲೆ ಹೆಲ್ಮೆಟ್ಟು, ಕೆಳಗೆ ಮಾಸ್ಕು, ನಡುವೆ ಬೆವರಿ ಮಂಜಾದ ಕನ್ನಡಕ. ಕತ್ತಿನಲ್ಲಿ ಹೆಡ್‌ಮಾಸ್ಟರ ಟೈ ಹಾಗೇ ಇತ್ತು. ಜೇಬಿನಿಂದ ಒಂದು ಕಾಗದ ತೆಗೆದು, ಅದರಲ್ಲಿ ನಮ್ಮ ಮನೆಯ ಮುಂದೆ ಪೆನ್ನಿನಿಂದ ಗುರುತು ಹಾಕಿದ. ನಾನು ಏನಾದರೂ ಹೇಳಿಬಿಟ್ಟೇನು ಎಂದು ಹೆದರಿದವನಂತೆ ನನ್ನ ಕಡೆ ನೋಡಲಿಲ್ಲ.

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಸ್ಟೂಲಿನ ನೆರಳಿರುವ ತುದಿಯಲ್ಲಿಟ್ಟು, ಮುಚ್ಚಳ ಬಿಗಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಬೀದಿಯ ಕಡೆಗೆ ತಿರುಗಿ, ನಾನು ಬಾಗಿಲು ತೆರೆದು ಅದನ್ನು ಎತ್ತಿಕೊಳ್ಳುವವರೆಗೆ ನನಗೆ ಬೆನ್ನು ಹಾಕಿ ನಿಂತುಕೊಂಡ.