ದಾಕಾ ಕಚ್ಚದ ಐದು ವಾರ

ವುನಾಲಾಕಾ ಊರಿನ ಚರ್ಚಿನ ಗಾನವೃಂದದ ಮಾಸ್ತರು ಇಸಿಕೆಲ್ ಟೊವಾರ್ಪಿನ್ ಕೋಲು ಹಿಡಿದು ಹಾಡಿಸಿದವರಲ್ಲ. ಅವರು ಹಿಡಿಯುತ್ತಿದ್ದುದು ಒಂದು ದಾಕಾ. ವೀಳ್ಯದ ಬಳ್ಳಿಯಲ್ಲಿ ಬಿಡುವ, ಹುರುಳಿಕಾಯಿಯಂತೆ ಉದ್ದಕ್ಕೆ ತೆಳ್ಳಗಿರುವ ಆ ಹಸಿರು ಕಾಯಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ನಲವತ್ತು ಜನರ ಉಸಿರನ್ನು ಅದರ ತುದಿಯಲ್ಲಿ ಏರಿಸಿ ಇಳಿಸಿ ನಿಲ್ಲಿಸಿ, ಹಾಡು ಮುಗಿದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಹಾಡು ಮನಸ್ಸಿಗೆ ಬಂದಿದ್ದರೆ ದಾಕಾವನ್ನು ಸುಣ್ಣದ ಡಬ್ಬಿಗೆ ಅದ್ದಿ, ಬಾಯಲ್ಲಿ ಆಗಲೇ ನುರಿಯುತ್ತಿದ್ದ ಅಡಿಕೆಯ ಜೊತೆಗೆ ಕಟಕ್ಕನೆ ಕಚ್ಚುತ್ತಿದ್ದರು. ಬಂದಿರದಿದ್ದರೆ ಅದನ್ನು ಕಂಕುಳಿನ ಗರಿಬುಟ್ಟಿಗೆ ಹಾಕಿ, "ಇನ್ನೊಂದ್ಸಲ" ಎನ್ನುತ್ತಿದ್ದರು. ಚರ್ಚಿನೊಳಗೆ ಅಗಿಯುವಂತಿಲ್ಲವಾದ್ದರಿಂದ ಭಾನುವಾರದ ತೀರ್ಪು ಮೆಟ್ಟಿಲಿಳಿದ ಮೇಲೆ ಸಿಗುತ್ತಿತ್ತು. ನಲವತ್ತು ಜನ ಹೊರಗೆ ಮಾವಿನ ಮರದ ಕೆಳಗೆ ನಿಂತು ಅವರ ಹಲ್ಲನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅವರು ಬಾಯಿಬಿಟ್ಟು ಯಾರನ್ನಾದರೂ ಹೊಗಳಿದ್ದು ಯಾರಿಗೂ ನೆನಪಿಲ್ಲ.

ಎಡಗೆನ್ನೆಯನ್ನು ಹುಡುಗತನದಲ್ಲೇ ಅಡಿಕೆಗೆ ಬಿಟ್ಟುಕೊಟ್ಟಿದ್ದರಿಂದ ಅವರು ಬಾಯಿಯ ಬಲ ಅರ್ಧದಲ್ಲೇ ಮಾತಾಡುತ್ತಿದ್ದರು. ನಡಿಗೆಯೂ ಹಾಗೆಯೇ, ಬುಟ್ಟಿ ಇರುವ ಕಡೆಗೆ ತುಸು ವಾಲಿದ್ದು. ಭಾನುವಾರಕ್ಕೆ ಒಂದು ಕಪ್ಪು ಕೋಟು; ಅದರ ಜೇಬಿನ ಮೇಲೆ ಹಳೆಯ ಕೆಂಪು ಕಲೆ. ತೊಂಬತ್ನಾಲ್ಕರಲ್ಲಿ ಬೆಟ್ಟ ಸಿಡಿದು ಬೂದಿ ಸುರಿದಾಗ ಊರಿನವರೆಲ್ಲ ಪಾತ್ರೆ, ಹಂದಿ, ಮಕ್ಕಳನ್ನು ಎತ್ತಿಕೊಂಡು ಓಡಿದರೆ, ಇವರು ಕೋಟು ತೊಟ್ಟು, ಒಂದು ಹಾಡನ್ನು ಡೊ ರೆ ಮಿ ಸ್ವರಗಳಲ್ಲಿ ಬರೆದಿದ್ದ ಕರಿಹಲಗೆಯನ್ನು ತಲೆಯ ಮೇಲೆ ಹೊತ್ತು ಓಡಿದವರು. ಅಕ್ಷರ ಅಳಿಸಬಾರದೆಂದು ಹಲಗೆಯನ್ನು ಬೋರಲು ಹಿಡಿದಿದ್ದರಂತೆ. ಅಂದಿನ ಬೂದಿ ಇಂದಿಗೂ ಕೋಟಿನ ಹೊಲಿಗೆಯಲ್ಲಿ ಸಿಗುತ್ತದೆ. ಮನೆ ಏನಾಯಿತೆಂದು ಕೇಳಿದರೆ, "ಮನೆ ಮತ್ತೆ ಕಟ್ಟಬಹುದು. ಆ ಹಾಡಿನ ಎರಡನೇ ಚರಣ ಯಾರಿಗೂ ಪೂರ್ತಿ ಬರ್ತಿರಲಿಲ್ಲ" ಎನ್ನುತ್ತಾರೆ.

ಅವರ ಬಾಯೊಳಗಿನ ಬಿಳಿ ಮಚ್ಚೆಯನ್ನು ಮೊದಲು ಕಂಡವಳು ಅಕ್ಕನ ಮಗಳು ಡೊರಿಕಾ. ನಮ್ಮಲ್ಲಿ ಸೋದರಮಾವನೆಂದರೆ ತಂದೆಗಿಂತ ಒಂದು ಕೈ ಮೇಲು. ಅವನ ನೆಲ, ಅವನ ಮರ, ಅವನ ಹಟ ಎಲ್ಲವೂ ಸೇರುವುದು ಅಕ್ಕತಂಗಿಯರ ಮಕ್ಕಳಿಗೆ. ಡೊರಿಕಾ ಪಟ್ಟಣದ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರಿಗೆ ಸಹಾಯಕಿ. ಒಂದು ಮಧ್ಯಾಹ್ನ ಮಾವ ಯಾವುದೋ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಕ್ಕಾಗ ಅವಳೊಬ್ಬಳು ನಗಲಿಲ್ಲ.

"ಬಾಯಿ ಮುಚ್ಚಬೇಡಿ ಮಾವ. ಹಾಗೇ ಇರಿ."

"ಮೂವತ್ತು ವರ್ಷ ನಾನು ಬೇರೆಯವರಿಗೆ ಹೇಳಿದ ಮಾತಿದು," ಎಂದರು ಮಾವ, ಬಾಯಿ ತೆರೆದೇ.

ಗುರುವಾರ ಡಾಕ್ಟರು ಕೆನ್ನೆಯೊಳಗಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ, ಪುಟ್ಟ ಬಾಟಲಿಗೆ ಹಾಕಿ, ಹೆಸರು ಬರೆದು ಅಂಟಿಸಿದರು. ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು, ಹೇಳುವವರು ರಾಜಧಾನಿ ಮೋರ್ಸ್‌ಬಿಯಲ್ಲಿದ್ದಾರೆ, ಚೂರು ವಿಮಾನದಲ್ಲಿ ಹೋಗಬೇಕು, ಕಾಗದ ವಿಮಾನದಲ್ಲಿ ಬರಬೇಕು, ಮೂರು ವಾರ ಹಿಡಿಯಬಹುದು, ಹೆಚ್ಚೂ ಆಗಬಹುದು. ಅಲ್ಲಿಯವರೆಗೆ ಅಡಿಕೆ, ದಾಕಾ, ಸುಣ್ಣ ಯಾವುದೂ ಬಾಯಿಗೆ ಹೋಗಕೂಡದು.

ಮಾಸ್ತರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನಾನಿನ್ನೂ ವಿಮಾನ ಹತ್ತಿಲ್ಲ ಡಾಕ್ಟ್ರೇ. ನನ್ನ ಕೆನ್ನೆ ನನಗಿಂತ ಮೊದಲೇ ಮೋರ್ಸ್‌ಬಿ ನೋಡ್ತದೆ." ಹೊರಗೆ ಬಂದು ಬಸ್ಸಿಗೆ ಕಾಯುವಾಗ ಡೊರಿಕಾಗೆ ಹೇಳಿದ್ದು ಒಂದೇ ಮಾತು: "ಸ್ಪರ್ಧೆ ಮುಗಿಯೋವರೆಗೆ ಊರಲ್ಲಿ ಯಾರಿಗೂ ಬೇಡ. ಹೆದರಿದೋರಿಗೆ ಮೇಲಿನ ದನಿ ಹಿಡಿಯೋಕಾಗಲ್ಲ."

ಸುತ್ತಿನ ಹನ್ನೊಂದು ಊರುಗಳ ಗಾನಸ್ಪರ್ಧೆಗೆ ಆಗ ನಾಲ್ಕು ವಾರವಿತ್ತು.

ಹೇಳದಿರುವುದು ಅವರಿಗೆ ಕಷ್ಟವಾಗಲಿಲ್ಲ, ಅಗಿಯದಿರುವುದು ಕಷ್ಟವಾಯಿತು. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರು ನಮಸ್ಕಾರಕ್ಕೆ ಮೊದಲು ಅಡಿಕೆ ಚಾಚುತ್ತಾರೆ; ಬೇಡವೆಂದರೆ ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿದಂತೆ. ಮಾಸ್ತರು ಯಾರಿಗೂ ಬೇಡವೆನ್ನಲಿಲ್ಲ. ತೆಗೆದುಕೊಂಡು, "ಊಟ ಆಗಲಿ" ಎಂದು ಬುಟ್ಟಿಗೆ ಹಾಕುತ್ತಿದ್ದರು. ವಾರದೊಳಗೆ ಬುಟ್ಟಿ ಎಷ್ಟು ತುಂಬಿತೆಂದರೆ, ಇಷ್ಟು ಅಡಿಕೆ ಹೊತ್ತು ತಿರುಗುವ ವಿಧುರ ಯಾವ ಮನೆಗೆ ಹೆಣ್ಣು ಕೇಳಲು ಹೋಗುತ್ತಿದ್ದಾನೆಂದು ಹೆಂಗಸರು ಊಹಿಸತೊಡಗಿದರು. ಬೆಳಗ್ಗೆ ಕನ್ನಡಿಯ ಮುಂದೆ ಟಾರ್ಚು ಹಿಡಿದು ಕೆನ್ನೆ ನೋಡುವುದು, ದಿನಕ್ಕೆ ಮೂರು ಸಲ ಹಲ್ಲುಜ್ಜುವುದು, ಪ್ರತಿ ಗುರುವಾರ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ಕಾಗದ ಬಂದಿಲ್ಲವೆಂದು ಕೇಳಿಸಿಕೊಂಡು ಬರುವುದು, ಇದೇ ದಿನಚರಿಯಾಯಿತು. ಕೆಂಪಾಗಿದ್ದ ಹಲ್ಲು ಕಂದಾಯಿತು, ಕಂದು ಹಳದಿಯಾಯಿತು. ಮಾತು ಬಾಯಿಯ ಎರಡೂ ಬದಿಯಿಂದ ಬರತೊಡಗಿ, ಇನ್ಯಾರೋ ಮಾತಾಡಿದಂತೆ ಕೇಳುತ್ತಿತ್ತು. ನಾಲಿಗೆ ಮಾತ್ರ ಹೊತ್ತು ಗೊತ್ತಿಲ್ಲದೆ ಎಡಗೆನ್ನೆಗೆ ಹೋಗಿ ಆ ಜಾಗವನ್ನು ಮುಟ್ಟುತ್ತಿತ್ತು.

"ಅದನ್ನ ಅಲ್ಲಿ ಕಾವಲಿಗೆ ಕೂರಿಸಿದೀರಾ ಮಾವ?" ಎಂದಳು ಡೊರಿಕಾ.

"ಕಳ್ಳ ಒಳಗಿದಾನೋ ಇಲ್ವೋ ಗೊತ್ತಾಗೋವರೆಗೆ ಇರಲಿ ಬಿಡು."

ಎಡವಟ್ಟಾದದ್ದು ಗಾನವೃಂದದಲ್ಲಿ. ಹಾಡು ಮುಗಿಯಿತು, ಎಲ್ಲರೂ ದಾಕಾದ ಕಡೆ ನೋಡಿದರು, ಮಾಸ್ತರು ಅದನ್ನು ಬುಟ್ಟಿಗೆ ಹಾಕಿದರು. ಮರುದಿನವೂ ಹಾಗೆಯೇ. ವಾರವಿಡೀ ಹಾಗೆಯೇ. ಮೂವತ್ತೊಂದು ವರ್ಷದಲ್ಲಿ ಏಳು ದಿನ ಸತತವಾಗಿ ದಾಕಾ ಬುಟ್ಟಿಗೆ ಬಿದ್ದದ್ದೇ ಇಲ್ಲ. ಕೆಳದನಿಯ ಮುಖ್ಯಸ್ಥ ಟೊಕಾಪ್, ನಡುದನಿಯ ಹೆಂಗಸರು ಹಿಂದೆ ಬೀಳುತ್ತಿದ್ದಾರೆ ಎಂದ. ನಡುದನಿಯ ಹಿರಿಯಳಾದ ರೊಡಾ, "ನಿಮ್ಮ ಗಂಡಸರು ಹಾಡ್ತಿಲ್ಲ ಟೊಕಾಪ್, ದೋಣಿ ಎಳೀತಿದಾರೆ" ಎಂದಳು. ಇಬ್ಬರೂ ಸೇರಿ ಮೇಲಿನ ದನಿಯವರನ್ನು ಬೈದರು. ಬೆಳಗ್ಗೆ ಆರಕ್ಕೆ ಹೆಚ್ಚಿನ ಅಭ್ಯಾಸ ಶುರುವಾಯಿತು. ತೋಟಕ್ಕೆ ಹೋಗುವವರು ಹಾರೆ ಹೆಗಲಿಗೇರಿಸಿಕೊಂಡೇ ನಿಂತು ಹಾಡಿದರು.

ತಾವು ಅಗಿಯದಿರುವುದನ್ನೇ ಜನ ತೀರ್ಪೆಂದುಕೊಂಡಿದ್ದಾರೆಂದು ಮಾಸ್ತರಿಗೆ ಮೂರನೆಯ ದಿನವೇ ತಿಳಿದಿತ್ತು. ಅವರೇಕೆ ತಿದ್ದಲಿಲ್ಲವೆಂಬುದನ್ನು ಆಮೇಲೆ ಡೊರಿಕಾ ಕೇಳಿದಾಗ ಅವರು ನಾಚಿಕೊಂಡರು. ಹಾಡು ದಿನದಿನಕ್ಕೆ ಏರುತ್ತಿತ್ತು. ಅದು ಒಂದು ಕಾರಣ. ಇನ್ನೊಂದು, ಒಂದು ಹಾಡಿಗೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ನಾಲಿಗೆ ಮಚ್ಚೆಯ ಕಡೆ ಹೋಗದೆ ತನ್ನ ಜಾಗದಲ್ಲಿರುತ್ತಿತ್ತು. ಆದ್ದರಿಂದ "ಇನ್ನೊಂದ್ಸಲ" ಎನ್ನುತ್ತಿದ್ದರು, ನಲವತ್ತು ಜನ ಮತ್ತೆ ಹಾಡುತ್ತಿದ್ದರು. ಆ ತಿಂಗಳು ಆ ಊರು ಹಾಡಿದಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲ, ಅಷ್ಟು ದುಃಖದಲ್ಲೂ ಹಾಡಿರಲಿಲ್ಲ.

ಸ್ಪರ್ಧೆಗೆ ಮೂರು ದಿನ ಇರುವಾಗ, ಬೆಳಗಿನ ಅಭ್ಯಾಸಕ್ಕೆ ಬಂದ ಮಾಸ್ತರು ಕಂಡದ್ದು ಸಾಲಾಗಿ ನೆಲದ ಮೇಲೆ ಕುಳಿತ ನಲವತ್ತು ಜನರನ್ನು. ಮುಂದೆ ಬಾಳೆಲೆಯ ಮೇಲೆ ಎಳೆಯ ಹಸಿರು ಅಡಿಕೆಯ ಇಡೀ ಗೊನೆ, ಹೊಸ ಸುಣ್ಣ, ಒಂದು ಕಟ್ಟು ದಾಕಾ. ನಮ್ಮಲ್ಲಿ ಹೀಗೆ ಗೊನೆ ತಂದಿಟ್ಟರೆ ಅದು ತಪ್ಪೊಪ್ಪಿಗೆ. ನೊಂದವರು ಅಲ್ಲೇ, ಎಲ್ಲರೆದುರು, ಒಂದನ್ನು ಸುಲಿದು ಅಗಿಯಬೇಕು. ಅಗಿದರೆ ಮನಸ್ತಾಪ ಅಲ್ಲಿಗೆ ಮುಗಿಯಿತು. ಅಗಿಯದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

ರೊಡಾ ಎದ್ದು ನಿಂತಳು. "ನಾವೇನು ತಪ್ಪು ಮಾಡಿದೀವಿ ಅಂತ ನಮಗೆ ಗೊತ್ತಿಲ್ಲ ಮಾಸ್ತರೇ. ಏನಾಗಿದ್ರೂ ನಮ್ದೇ. ಒಂದು ಅಗಿದುಬಿಡಿ. ಇಲ್ಲಾಂದ್ರೆ ನಾವು ಸ್ಪರ್ಧೆಗೆ ಹೋಗಲ್ಲ. ನಿಮ್ಮ ಮರ್ಯಾದೆ ಹನ್ನೊಂದು ಊರಿನ ಮುಂದೆ ಕಳೆಯೋದು ನಮಗೆ ಬೇಡ."

ಮಾಸ್ತರು ಗೊನೆಯನ್ನು ನೋಡಿದರು. ಒಂದು ಅಡಿಕೆಯನ್ನು ಕಿತ್ತು, ಉಗುರಿನಿಂದ ಸಿಪ್ಪೆ ಒತ್ತಿಯೂ ನೋಡಿದರು. ಅದರ ಹಸಿ ವಾಸನೆಗೆ ಬಾಯಲ್ಲಿ ನೀರೂರಿತು. ಒಂದರಿಂದ ಏನಾದೀತು ಎಂದು ಅವರಿಗನ್ನಿಸಿತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆಮೇಲೆ ಅದನ್ನು ಬಾಳೆಲೆಯ ಮೇಲಿಟ್ಟು, ಬುಟ್ಟಿಯಿಂದ ಟಾರ್ಚು ತೆಗೆದು ರೊಡಾಳ ಕೈಗೆ ಕೊಟ್ಟು, ಬೆಂಚಿನ ಮೇಲೆ ಕುಳಿತು ಬಾಯಿ ತೆರೆದರು.

"ಎಡಗಡೆ. ಹಿಂದೆ."

ರೊಡಾ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಇದೇನು?"

"ಅದನ್ನೇ ಮೋರ್ಸ್‌ಬಿಯವರಿಗೆ ಕೇಳಿದೀವಿ. ಇನ್ನೂ ಹೇಳಿಲ್ಲ. ಕ್ಯಾನ್ಸರ್ ಇದ್ರೂ ಇರಬಹುದು."

ಆಮೇಲೆ ನಡೆದದ್ದನ್ನು ಊರು ಇಂದಿಗೂ ಅಭಿನಯಿಸಿ ತೋರಿಸುತ್ತದೆ. ನಲವತ್ತು ಜನವೂ ನೋಡಲೇಬೇಕೆಂದರು. ಮೊದಲು ಮೇಲಿನ ದನಿ, ಆಮೇಲೆ ನಡುದನಿ, ಹೀಗೆ ನಿಲ್ಲುವ ಕ್ರಮದಲ್ಲೇ ಸರದಿ ನಿಂತು, ಟಾರ್ಚು ಕೈಯಿಂದ ಕೈಗೆ ದಾಟಿಸುತ್ತ, ಮಾಸ್ತರ ಬಾಯೊಳಗೆ ಇಣುಕಿದರು. ಟೊಕಾಪ್ ಎರಡು ಸಲ ಬಂದ.

"ನೀನು ನೋಡಿ ಆಯ್ತಲ್ಲೋ," ಎಂದರು ಮಾಸ್ತರು, ದವಡೆ ನೋಯುತ್ತಿತ್ತು.

"ಮೊದಲನೇ ಸಲ ಬಲಗಡೆ ನೋಡ್ಬಿಟ್ಟೆ ಮಾಸ್ತರೇ."

ಮೊದಲು ನಕ್ಕವರು ಯಾರೋ ತಿಳಿಯದು. ರೊಡಾ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಾಗಾದ್ರೆ ನಾವು ಚೆನ್ನಾಗೇ ಹಾಡ್ತಿದ್ವಿ?"

ಮಾಸ್ತರು ಕರಿಹಲಗೆಯ ಕಡೆ ತಿರುಗಿದರು.

"ಹೇಳಿ. ಮೂರು ವಾರ ಬೆಳಗ್ಗೆ ಆರಕ್ಕೆ ಎದ್ದಿದೀವಿ."

"ಎರಡನೇ ಚರಣದಲ್ಲಿ ಇನ್ನೂ ಸ್ವಲ್ಪ ಇದೆ," ಎಂದರು ಅವರು.

ಆ ಗುರುವಾರ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಮಾಸ್ತರ ಜೊತೆ ಗಾನವೃಂದದ ಹದಿಮೂರು ಜನರಿದ್ದರು. ಕಾಗದ ಬಂದಿದೆಯೇ ಎಂದು ಕೇಳುವ ನೆಪ, ಡೊರಿಕಾಗೆ ತಮ್ಮ ಬಾಯಿಯನ್ನೂ ಒಮ್ಮೆ ತೋರಿಸುವ ಕೆಲಸ. ಕಾಗದ ಬಂದಿರಲಿಲ್ಲ.

ಸ್ಪರ್ಧೆಯಲ್ಲಿ ಅವರಿಗೆ ಎರಡನೆಯ ಸ್ಥಾನ ಬಂತು. ಕೊನೆಯ ಸ್ವರ ಚಾವಣಿಯ ತಗಡಿನಲ್ಲಿ ಕರಗುವಾಗ ನಲವತ್ತು ಜನ ರೂಢಿಯಂತೆ ಮಾಸ್ತರನ್ನು ನೋಡಿದರು. ಅವರು ದಾಕಾವನ್ನು ಕೋಟಿನ ಜೇಬಿಗಿಳಿಸಿ, ಒಂದು ಗಳಿಗೆ ನಿಂತರು. ಆಗ ಅವರ ಎಡಗೆನ್ನೆ, ಹಿಂದೆ ಅಡಿಕೆ ಕೂರುತ್ತಿದ್ದ ಜಾಗದಲ್ಲೇ, ನಾಲಿಗೆಯ ಒತ್ತಿಗೆ ಉಬ್ಬಿ ಇಳಿಯಿತು. ರೊಡಾ ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಅಂದಿನಿಂದ ಅದೇ ತೀರ್ಪು.

ಐದನೆಯ ಗುರುವಾರ ಕಾಗದ ಬಂತು. ಕ್ಯಾನ್ಸರ್ ಅಲ್ಲ, ಆದರೆ ಆ ದಾರಿ ಹಿಡಿದಿರುವ ಜೀವಕೋಶಗಳಿವೆ. ಮಚ್ಚೆಯನ್ನು ಪೂರ್ತಿ ತೆಗೆಯಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಅಡಿಕೆ ಇನ್ನೆಂದಿಗೂ ಇಲ್ಲ. ಡೊರಿಕಾ ಗೋಡೆಗೆ ಒರಗಿ ಅತ್ತಳು. ಮಾಸ್ತರು ಕಾಗದವನ್ನು ನಾಲ್ಕಾಗಿ ಮಡಚಿ ಬುಟ್ಟಿಗೆ ಹಾಕಿ ಡಾಕ್ಟರಿಗೆ ಹೇಳಿದರು: "ಹಾಗಾದ್ರೆ ಹಾಡು ಮುಗಿದಿಲ್ಲ. ಉಸಿರು ತಗೊಳ್ಳೋಕೆ ಜಾಗ ಕೊಟ್ಟಿದೀರಿ, ಅಷ್ಟೇ."

ಈಗಲೂ ಅವರು ಹಾಡಿಸುತ್ತಾರೆ, ದಾಕಾ ಹಿಡಿದೇ. ಹಾಡು ಮುಗಿದಾಗ ಕೆನ್ನೆ ಉಬ್ಬುತ್ತದೆ, ಜನ ಸಂತೋಷಪಡುತ್ತಾರೆ. ಆ ನಾಲಿಗೆ ಮೆಚ್ಚಿ ಅಲ್ಲಿಗೆ ಹೋಯಿತೋ, ಹೊಲಿಗೆಯ ಗುರುತು ಮೆತ್ತಗೇ ಇದೆಯೇ ಎಂದು ನೋಡಲು ಹೋಯಿತೋ ಅವರಿಗೇ ಖಚಿತವಿಲ್ಲ. ಖಚಿತವಿಲ್ಲವೆಂದು ಅವರು ಗಾನವೃಂದಕ್ಕೆ ಹೇಳಿಲ್ಲ. ಇಂಥವರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ: ತಮ್ಮ ಭಯವನ್ನು ಹೇಳಿಕೊಳ್ಳಲು ಬಾರದೆ, ಅದನ್ನು ಸುತ್ತಲಿನವರಿಗೆ ಒಂದಿಷ್ಟು ಕೆಲಸವಾಗಿ ಹಂಚಿ, ಕೆಲಸ ಚೆನ್ನಾಗಿ ಆಗುವುದನ್ನು ನೋಡುತ್ತ ದಿನ ದೂಡುವವರು. ಅವರ ಕೈಕೆಳಗಿನವರು ಅವರನ್ನು ಕಟುಕರೆಂದು ಬೈಯುತ್ತಾರೆ, ಬೆಳಗ್ಗೆ ಆರಕ್ಕೆ ತಪ್ಪದೆ ಬರುತ್ತಾರೆ, ಮತ್ತು ಯಾವತ್ತಾದರೂ ಅವರು ಬಾಯಿ ತೆರೆದು ತೋರಿಸಿದರೆ ಸರದಿಯಲ್ಲಿ ಎರಡು ಸಲ ನಿಲ್ಲುತ್ತಾರೆ.